ಸ್ಟೀರಿಂಗ್ ವರ್ಲಿನ್‌ನ ಹಳದಿ ಗೆರೆ

ವರ್ಲಿನ್ ಸ್ಟಕಿ ತನ್ನ ಸ್ವಂತ ಅಳಿಯನನ್ನೇ ಕೊಂದ ಎಂದು ಈ ಸರೋವರದ ದಡದಲ್ಲಿ ಇಂದಿಗೂ ಹೇಳುತ್ತಾರೆ. ಬಿಯರ್ ಕುಡಿಯುತ್ತ ಹೇಳುತ್ತಾರೆ, ಮೀನು ಕರಿಯುತ್ತ ಹೇಳುತ್ತಾರೆ, ಚರ್ಚಿನ ಮೆಟ್ಟಿಲ ಮೇಲೆ ನಿಂತು ದನಿ ತಗ್ಗಿಸಿ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಅರ್ಧ ಜನ ತಮ್ಮ ದೋಣಿಯ ಸ್ಟೀರಿಂಗಿಗೆ ಆಯಿಲ್ ಎಲ್ಲಿ ಹಾಕಬೇಕೆಂಬುದನ್ನೂ ಅವನನ್ನೇ ಕೇಳಿ ತಿಳಿದುಕೊಂಡವರು. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರಿಗಿಂತ ಹೆಚ್ಚಾಗಿ ನನ್ನ ಮೇಲೇ ಉರಿಯುತ್ತದೆ. ಯಾಕೆಂದು ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ನಾನು ನಡೀನ್. ಅಮೆರಿಕದ ಮಿಸ್ಸೌರಿಯ ಓಝಾರ್ಕ್ ಗುಡ್ಡಗಳ ನಡುವಿನ ಈ ಸರೋವರದಲ್ಲಿ, ರಾಯ್ಸ್ ಟಿಲ್ಲರಿಯ ವರ್ಕ್‌ಶಾಪಿನಲ್ಲಿ ವೈರಿಂಗ್ ಕೆಲಸ ನನ್ನದು. ವರ್ಲಿನ್‌ನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಅಲ್ಲಿಗೆ ಬರುವುದು ಮೀನು ಹಿಡಿಯುವ ದೋಣಿಗಳಲ್ಲ. ಗಂಟೆಗೆ ನೂರು, ನೂರೈವತ್ತು ಮೈಲಿ ಓಡುವಂಥವು. ಬಂದವರೆಲ್ಲ ಎಂಜಿನ್ ವಿಚಾರವಾಗಿಯೇ ಬಾಯಿ ಬಡಿದುಕೊಳ್ಳುತ್ತಿದ್ದರು. ವರ್ಲಿನ್ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಟೋಪಿ ಹಿಂದೆ ಸರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಎಂಜಿನ್ನಿಗೆ ಇಷ್ಟೆಲ್ಲ ದುಡ್ಡು ಸುರ್ದಿದ್ದೀರ, ಸರಿ. ತಿರುಗ್ಸೋದು ಹೆಂಗೆ? ದೇವ್ರ ಹೆಸ್ರು ಹೇಳ್ಕೊಂಡಾ?"

ಸ್ಟೀರಿಂಗ್ ಒಂದನ್ನು ಬಿಟ್ಟು ಅವನು ಬೇರೆ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಚಕ್ರದ ಹಿಂದಿನ ಪಂಪು, ಆಯಿಲ್ ಸಾಗಿಸುವ ಹೋಸುಗಳು, ಹಿಂಭಾಗದಲ್ಲಿ ಪ್ರೊಪೆಲ್ಲರ್ ಇರುವ ಡ್ರೈವನ್ನು ಎಡಕ್ಕೂ ಬಲಕ್ಕೂ ತಳ್ಳುವ ಸಿಲಿಂಡರುಗಳು, ಇಷ್ಟೇ ಅವನ ಪ್ರಪಂಚ. ಚಕ್ರವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ, "ಒಳಗೆ ಗಾಳಿ ಇದೆ, ಮೆತ್ತಗಾಗಿದೆ" ಅನ್ನುತ್ತಿದ್ದ. ಗಾಳಿಯ ಕೊನೆಯ ಗುಳ್ಳೆ ಹೊರಬರುವತನಕ ಆಯಿಲ್ ತುಂಬುತ್ತ, ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಅರ್ಧ ದಿನ ಕೂರುತ್ತಿದ್ದ. ಊಟಕ್ಕೆ ಕರೆದರೆ ಗದರುತ್ತಿದ್ದ.

ನಟ್ಟುಗಳ ವಿಷಯದಲ್ಲಂತೂ ಅವನದು ಮಡಿ. ಪಾನಾ 'ಟಕ್' ಅನ್ನುವತನಕ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ನಟ್ಟು ಒಂದು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ನಮ್ಮಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಆದರೆ ಪಾನಾ ಹಿಡಿದ ಕೈಯೇ ಗೆರೆ ಎಳೆಯಬೇಕು ಎಂಬ ನಿಯಮವನ್ನು ವರ್ಲಿನ್‌ನಷ್ಟು ಬಿಗಿಯಾಗಿ ಇನ್ಯಾರೂ ಪಾಲಿಸುತ್ತಿರಲಿಲ್ಲ. ಗೆರೆ ಬಿದ್ದ ನಟ್ಟನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ, ಅವನೂ ಮುಟ್ಟುತ್ತಿರಲಿಲ್ಲ. ಗೆರೆ ಇದೆ ಎಂದರೆ ಕೆಲಸ ಮುಗಿದಿದೆ ಎಂದೇ ಲೆಕ್ಕ.

ಅರವತ್ತು ದಾಟಿದ ಮೇಲೆ ಅವನ ಕೈ ನಡುಗಲು ಶುರುವಾಯಿತು. ಪಾನಾ ಹಿಡಿದಾಗ ಗೊತ್ತಾಗುತ್ತಿರಲಿಲ್ಲ, ಬಲ ಹಾಕಿದಾಗ ಕೈ ನಿಲ್ಲುತ್ತಿತ್ತು. ಬಣ್ಣದ ಪೆನ್ನು ಹಿಡಿದಾಗ ಮಾತ್ರ ಗೆರೆ ಇರುವೆ ಸಾಲಿನ ಹಾಗೆ ಹರಿದಾಡುತ್ತಿತ್ತು. ಒಂದು ದಿನ ಮಾಲೀಕ ರಾಯ್ಸ್ ಬಗ್ಗಿ ನೋಡಿ, "ಏನಪ್ಪಾ ಇದು, ರಾತ್ರಿದು ಇನ್ನೂ ಇಳಿದಿಲ್ವಾ?" ಎಂದು ನಕ್ಕ. ವರ್ಲಿನ್ ಹದಿನೈದು ವರ್ಷದಿಂದ ಕುಡಿತ ಬಿಟ್ಟವನು. ಅವನ ಮುಖ ಹೇಗೆ ಬಿಳಿಚಿಕೊಂಡಿತು ಎಂಬುದನ್ನು ನಾನು ನೋಡಿದೆ. ಆ ಕೆಲಸ ಹೋದರೆ ಅವನಿಗೆ ಬೇರೆ ಏನೂ ಇರಲಿಲ್ಲ. ಹೆಂಡತಿ ತೀರಿಹೋಗಿದ್ದಳು. ಮಗಳು ಮಾರ್ಲಿಸ್ ಭಾನುವಾರ ಊಟಕ್ಕೆ ಕರೆಯುತ್ತಿದ್ದಳು, ಅಷ್ಟೇ.

ಮಧ್ಯಾಹ್ನ ನಾನೇ ಹೇಳಿದೆ, "ಕೊಡು ಇಲ್ಲಿ ಪೆನ್ನು. ನೀನು ಬಿಗಿ ಮಾಡ್ಕೊಂಡು ಹೋಗು, ಹಿಂದಿನಿಂದ ನಾನು ಎಳ್ಕೊಂಡು ಬರ್ತೀನಿ."

"ನಿನ್ ಕೆಲ್ಸ ನೋಡ್ಕೊಳ್ಳೇ ನಡೀನ್."

"ಮಹಾ ಕೆಲ್ಸ. ನಾಲ್ಕು ಗೆರೆ. ಯಾರಿಗೂ ಹೇಳಲ್ಲ ಬಿಡು."

 ಅವನು ಪೆನ್ನನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದ. ಅದನ್ನೇ ಒಪ್ಪಿಗೆ ಎಂದು ತಿಳಿದೆ. ಮುಂದೆ ಒಂದೂವರೆ ವರ್ಷ ಅವನ ಗೆರೆಗಳನ್ನೆಲ್ಲ ಎಳೆದದ್ದು ನಾನು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬವೂ ನನಗಿತ್ತು.

ಆ ಒಂದೂವರೆ ವರ್ಷ ಮುಗಿಯುವ ಆಗಸ್ಟ್‌ನಲ್ಲಿ ಮಾರ್ಲಿಸ್‌ಳ ಗಂಡ ಕೇಲ್ ಓಡಿಸುವ ರೇಸ್ ದೋಣಿ ನಮ್ಮಲ್ಲಿಗೆ ಬಂತು. ಎರಡು ಡ್ರೈವುಗಳಿಗೂ ಒಂದೇ ಸಿಲಿಂಡರಿದ್ದ ಹಳೇ ಸ್ಟೀರಿಂಗ್ ತೆಗೆದು, ಒಂದೊಂದಕ್ಕೆ ಒಂದರಂತೆ ಎರಡು ದಪ್ಪ ಸಿಲಿಂಡರು, ಹೊಸ ಪಂಪು, ಉಕ್ಕಿನ ಹೆಣಿಗೆಯ ಹೋಸುಗಳನ್ನು ಹಾಕಬೇಕಿತ್ತು. ಎರಡೂ ಡ್ರೈವುಗಳು ಒಟ್ಟಿಗೆ ತಿರುಗಲೆಂದು ಅವುಗಳ ನಡುವೆ ಒಂದು ಅಡ್ಡಸರಳು ಇರುತ್ತದೆ. ಅದೊಂದು ಕಳಚಿದರೆ ಡ್ರೈವುಗಳು ಆಚೆಗೊಂದು ಈಚೆಗೊಂದು ಎಳೆಯುತ್ತವೆ. ಆ ವೇಗದಲ್ಲಿ ಹಾಗಾದರೆ ದೋಣಿಯಲ್ಲಿದ್ದವರು ಉಳಿಯುವುದಿಲ್ಲ. ವರ್ಲಿನ್ ಆ ಕೆಲಸಕ್ಕೆ ಒಂಬತ್ತು ದಿನ ತೆಗೆದುಕೊಂಡ. ಕೇಲ್ ದಿನಾ ಬಂದು ಛೇಡಿಸುತ್ತಿದ್ದ.

"ಏನ್ ಮಾವ, ರೇಸು ಈ ವರ್ಷದ್ದೇ ತಾನೆ?"

"ನಿಂಗೆ ಹೆಂಡ್ತಿ ಬೇಡ್ವಾದ್ರೂ ನನ್ ಮಗಳಿಗೆ ಗಂಡ ಬೇಕು ಕಣೋ. ಹೋಗಿ ಕಾಫಿ ಕುಡಿ."

ಗುರುವಾರ ದೋಣಿ ಕೊಡುವ ದಿನ. ನಟ್ಟುಗಳಿಗೆಲ್ಲ ಹಿಂದಿನ ದಿನವೇ ಗೆರೆ ಎಳೆದಾಗಿತ್ತು. ಬೆಳಿಗ್ಗೆ ನಾನು ಮುಂಭಾಗದಲ್ಲಿ ಮೀಟರುಗಳ ವೈರು ಕಟ್ಟುತ್ತಿದ್ದಾಗ ವರ್ಲಿನ್ ಹಿಂದುಗಡೆ ಒಂದು ಹೋಸಿನ ಕೀಲಿನಲ್ಲಿ ಒಂದು ಹನಿ ಆಯಿಲ್ ಕಂಡ. ಆ ಕೀಲಿಗೆ ಕೈ ಹೋಗಬೇಕಾದರೆ ಅಡ್ಡಸರಳಿನ ಬಲತುದಿಯನ್ನು ಬಿಚ್ಚಬೇಕು. ಬಿಚ್ಚಿದ, ಸೋರಿಕೆ ನಿಲ್ಲಿಸಿದ, ಸರಳನ್ನು ಮತ್ತೆ ಕೂರಿಸಿದ. ಒಮ್ಮೆ ಬಿಚ್ಚಿದ ನಟ್ಟನ್ನು ಅವನು ಎರಡನೇ ಸಲ ಹಾಕುವವನಲ್ಲ. ಸರಳಿನ ಮೇಲಿದ್ದ ಹಳೇ ಗೆರೆ ಒರೆಸಿ, ಹೊಸ ನಟ್ಟು ತಂದು, ಕೈಯಲ್ಲಿ ತಿರುಗುವಷ್ಟು ತಿರುಗಿಸಿ ಬಿಟ್ಟ. ಕೈತುಂಬ ಆಯಿಲ್, ಪಾನಾ ಜಾರುತ್ತದೆಂದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ. ಇದ್ಯಾವುದನ್ನೂ ನಾನು ನೋಡಿರಲಿಲ್ಲ.

ಅಷ್ಟರಲ್ಲಿ ರಾಯ್ಸ್, ಕೇಲ್ ಇಬ್ಬರೂ ಬಾಗಿಲಲ್ಲಿ ಮಾತಾಡುತ್ತ ಬರುವುದು ಕೇಳಿಸಿತು. ಒಂದು ಸಲ ಕಣ್ಣಾಡಿಸೋಣವೆಂದು ನಾನು ದೋಣಿಯ ಹಿಂದಕ್ಕೆ ಹೋದೆ. ಎಲ್ಲ ನಟ್ಟಿಗೂ ಗೆರೆ ಇತ್ತು, ಬಲತುದಿಯ ನಟ್ಟಿಗೆ ಮಾತ್ರ ಇರಲಿಲ್ಲ.  ನಿನ್ನೆ ನಾನೇ ಬಿಟ್ಟಿದ್ದೇನೆ ಎಂದುಕೊಂಡೆ. ರಾಯ್ಸ್ ನೋಡಿದರೆ ಮುದುಕನಿಗೆ ಮರೆವು ಬೇರೆ ಬಂತು ಅನ್ನುತ್ತಾನೆ, ಅಳಿಯನ ಎದುರಿಗೇ ಅನ್ನುತ್ತಾನೆ. ಜೇಬಿನಿಂದ ಪೆನ್ನು ತೆಗೆದೆ, ಎಳೆದೆ. ಬಿಗಿಯಾದ ನಟ್ಟಿನಿಂದ ಬೋಲ್ಟಿನ ತುದಿ ಹೊರಗೆ ಇಣುಕುತ್ತಿರಬೇಕು. ಅದನ್ನೂ ನಾನು ನೋಡಲಿಲ್ಲ.

ವರ್ಲಿನ್ ಕೈ ಒರೆಸಿಕೊಳ್ಳುತ್ತ ಬಂದ. ಪಾನಾ ಎತ್ತಿಕೊಂಡು ಬಗ್ಗಿದ. ಗೆರೆ ನೋಡಿದ. ಒಂದು ಗಳಿಗೆ ಹಾಗೇ ನಿಂತದ್ದು ನನಗೆ ನೆನಪಿದೆ. ಆಮೇಲೆ ಪಾನಾ ಕೆಳಗಿಟ್ಟು ಅಳಿಯನ ಬೆನ್ನು ತಟ್ಟಿದ. ತನ್ನ ನೆನಪಿಗಿಂತ ಗೆರೆಯನ್ನೇ ನಂಬಿದ. ಮೂವತ್ತು ವರ್ಷ ಅವನು ತನಗೆ ತಾನೇ ಕಲಿಸಿಕೊಂಡದ್ದೇ ಅದು.

ಶುಕ್ರವಾರ ಅರ್ಧ ಗಂಟೆ ಓಡಿಸಿ ನೋಡಿದರು, ಏನೂ ಆಗಲಿಲ್ಲ. ಭಾನುವಾರ ರೇಸಿನ ಮೂರನೇ ಸುತ್ತಿನಲ್ಲಿ ದೋಣಿ ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ಮೇಲೆದ್ದು ಮಗುಚಿಕೊಂಡಿತು. ಪಕ್ಕದಲ್ಲಿ ಕೂತು ವೇಗ ನೋಡಿಕೊಳ್ಳುತ್ತಿದ್ದವನು ಸೊಂಟ ಮುರಿದುಕೊಂಡು ಉಳಿದ. ಕೇಲ್ ಉಳಿಯಲಿಲ್ಲ. ದಡದಲ್ಲಿ ಮಾರ್ಲಿಸ್ ಅಪ್ಪನ ತೋಳು ಹಿಡಿದುಕೊಂಡು ನಿಂತಿದ್ದಳು.

ಮರುದಿನ ವರ್ಕ್‌ಶಾಪಿನ ಹಿತ್ತಲಿನಲ್ಲಿ ವರ್ಲಿನ್ ನನ್ನನ್ನು ಕರೆದ. 

"ಬಲಗಡೆ ನಟ್ಟಿಗೆ ಗೆರೆ ಯಾವಾಗ ಎಳೆದೆ?"

"ಅವ್ರು ಬರೋ ಹೊತ್ಗೆ. ಬಿಟ್ಟುಹೋಗಿತ್ತು, ಅದಕ್ಕೆ..."

"ಅದು ಹೊಸ ನಟ್ಟು ಕಣೇ. ಕೈಯಲ್ಲಿ ತಿರುಗ್ಸಿಟ್ಟು ಕೈ ತೊಳೆಯೋಕೆ ಹೋಗಿದ್ದೆ," ಎಂದು ಅವನು ನೆಲದ ಮೇಲೆ ಕೂತುಬಿಟ್ಟ. ನನಗೂ ಆಗ ಅರ್ಥವಾಯಿತು.

ಮುಳುಗುಗಾರರು ದೋಣಿ ಮೇಲೆತ್ತಿದಾಗ ಬೋಲ್ಟೂ ಇರಲಿಲ್ಲ, ನಟ್ಟೂ ಇರಲಿಲ್ಲ. ಸರಳಿನ ಮೇಲೆ ಅರ್ಧ ಗೆರೆ ಉಳಿದಿತ್ತು. ತನಿಖೆಗೆ ಬಂದ ಹೆಂಗಸು ಅದರ ಫೋಟೋ ಮೇಜಿನ ಮೇಲಿಟ್ಟು ಕೇಳಿದಳು, "ಇದನ್ನ ಎಳೆದಿದ್ದು ಯಾರು?"

ನಾನು ಬಾಯಿ ತೆರೆದೆ. ವರ್ಲಿನ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಮೇಡಂ. ಸ್ಟೀರಿಂಗಿನ ಗೆರೆ ಎಲ್ಲ ನಂದೇ. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಹೇಳಿಕೆಗೆ ಅವನು ಸಹಿ ಹಾಕಿದ. ಅಕ್ಷರಗಳು ಕಾಗದದ ಮೇಲೆಲ್ಲ ಕುಣಿದವು. ಅದರ ಪಕ್ಕದಲ್ಲೇ ಫೋಟೋದಲ್ಲಿ ಗೆರೆ ನೆಟ್ಟಗಿತ್ತು. ಆ ಹೆಂಗಸೂ ನೋಡಲಿಲ್ಲ, ರಾಯ್ಸೂ ನೋಡಲಿಲ್ಲ. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಆ ವರ್ಕ್‌ಶಾಪಿನ ಕೆಲಸದಿಂದ ಸಿಗುತ್ತಿದ್ದ ಆರೋಗ್ಯ ವಿಮೆಯ ಮೇಲೆ ನನ್ನ ಗಂಡನ ಡಯಾಲಿಸಿಸ್ ನಡೆಯುತ್ತಿತ್ತು. ವಾರಕ್ಕೆ ಮೂರು ಸಲ. ವರ್ಲಿನ್‌ಗೆ ಅದು ಗೊತ್ತಿತ್ತು.

ರಾಯ್ಸ್ ಅವನನ್ನು ಅಂದೇ ಕೆಲಸದಿಂದ ಕಳಿಸಿದ. ಮಾರ್ಲಿಸ್ ಅಪ್ಪನ ಫೋನು ಎತ್ತುವುದನ್ನು ಬಿಟ್ಟಳು. ಅವನು ಊರಾಚೆ ಒಂದು ಟ್ರೇಲರ್ ಮನೆಯಲ್ಲಿ ಒಬ್ಬನೇ ಇದ್ದ. ನಡುಕ ಕೈಯಿಂದ ಕತ್ತಿಗೆ ಏರಿತು, ನಾಲಿಗೆಗೂ ಇಳಿಯಿತು. ಶನಿವಾರ ನಾನು ಸಾರು, ಜೋಳದ ಬ್ರೆಡ್ಡು ತೆಗೆದುಕೊಂಡು ಹೋಗುತ್ತಿದ್ದೆ. ಕೇಲ್‌ನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಬರುವಾಗ ಟಪಾಲು ಡಬ್ಬಿ ನೋಡಿದೆಯಾ, ಮಾರ್ಲಿಸ್ ಕ್ರಿಸ್‌ಮಸ್‌ಗೆ ಕಾರ್ಡಾದರೂ ಹಾಕಿದಳಾ ಎಂದು ಮಾತ್ರ ಅವನು ಕೇಳುತ್ತಿದ್ದ. ಹಾಕಿರಲಿಲ್ಲ. ಎರಡು ವರ್ಷವೂ ಹಾಕಲಿಲ್ಲ.

ಮೂರನೇ ಚಳಿಗಾಲದಲ್ಲಿ ನನ್ನ ಗಂಡ ತೀರಿಕೊಂಡ. ಅಂತ್ಯಕ್ರಿಯೆ ಮುಗಿದು ಒಂದು ವಾರಕ್ಕೆ ನಾನು ಮಾರ್ಲಿಸ್‌ಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೇಳಿ ಮುಗಿದ ಮೇಲೂ ಇನ್ನೆರಡು ಟವೆಲು ಮಡಚಿದಳು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು, "ನಡೀರಿ" ಎಂದಳು.

ಮಗಳನ್ನು ಬಾಗಿಲಲ್ಲಿ ಕಂಡು ವರ್ಲಿನ್ ಕುರ್ಚಿಯಿಂದ ಏಳಲು ಹೋದ, ಆಗಲಿಲ್ಲ. ಅಂಗಿಯ ಗುಂಡಿಗಳನ್ನು ಒಂದರದ್ದು ಒಂದಕ್ಕೆ ಹಾಕಿಕೊಂಡಿದ್ದ.

"ಗೆರೆ ನಡೀನ್ ಎಳೆದಿದ್ದಂತೆ. ಹೌದೇನಪ್ಪಾ?"

ಅವನು ನನ್ನನ್ನು ನೋಡಿದ. ಮಾತು ಹೊರಡಿಸುವುದಕ್ಕೆ ಬಹಳ ಕಷ್ಟಪಟ್ಟ.

"ಗೆರೆ ಯಾರ್ದಾದ್ರೇನಮ್ಮ. ನಟ್ಟು ನಂದು. ಪಾನಾ ಕೈಲೇ ಇತ್ತು, ಇನ್ನೊಂದ್ಸಲ ಹಾಕಿ ನೋಡ್ಬಹುದಿತ್ತು. ನೋಡ್ಲಿಲ್ಲ."

ಮಾರ್ಲಿಸ್ ನಮ್ಮಿಬ್ಬರನ್ನೂ ನೋಡಿದಳು. "ನಿಮ್ಮಿಬ್ರಲ್ಲಿ ಯಾರನ್ನ ದ್ವೇಷಿಸ್ಲಿ ಹೇಳಿ. ಒಬ್ಬರನ್ನ ದ್ವೇಷಿಸೋದಕ್ಕೇ ಇದ್ದಬದ್ದ ಶಕ್ತಿಯೆಲ್ಲ ಹೋಗಿದೆ ನಂಗೆ."

 ಅವಳು ಅಪ್ಪನ ಮುಂದೆ ಮಂಡಿಯೂರಿ, ತಪ್ಪಾಗಿ ಹಾಕಿದ್ದ ಗುಂಡಿಗಳನ್ನು ಬಿಚ್ಚಿ ಮತ್ತೆ ಸರಿಯಾಗಿ ಹಾಕಿದಳು. ಕೊರಳಿನ ಗುಂಡಿ ಹಾಕುವಾಗ ಅವನು ಗದ್ದ ಎತ್ತಿಕೊಟ್ಟ. ಅವಳು ಎದ್ದು ಹೊರಟುಹೋದಳು. ಮತ್ತೆ ಬರಲಿಲ್ಲ.

ಕಾರಿನ ಸದ್ದು ಅಡಗಿದ ಮೇಲೆ ವರ್ಲಿನ್ ನನ್ನ ಕಡೆ ತಿರುಗಿದ. ಅಷ್ಟು ಸಿಟ್ಟನ್ನು ಅವನ ಮುಖದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

"ನಿನ್ ಗಂಡ ಇರೋವರ್ಗೂ ಸುಮ್ನಿದ್ದೆ. ಈಗ ಕಳ್ಕೊಳ್ಳೋಕೇನೂ ಇಲ್ಲ ಅಂತ ಬಂದೆ. ಮನಸ್ಸು ಹಗುರ ಮಾಡ್ಕೊಳ್ಳೋಕೆ. ಆಯ್ತಾ ಹಗುರ?"

ಆಗಿರಲಿಲ್ಲ.  ಮುಂದಿನ ಶನಿವಾರ ಸಾರು ತೆಗೆದುಕೊಂಡು ಹೋದಾಗ ಅವನು ಬಾಗಿಲು ತೆಗೆಯಲಿಲ್ಲ, ಅದರ ಮುಂದಿನ ಶನಿವಾರವೂ ತೆಗೆಯಲಿಲ್ಲ. ಮಾರ್ಚ್‌ನಲ್ಲಿ ತೀರಿಕೊಂಡ.