ಕ್ಯಾಪ್ಟನ್ ಅಲ್ಲದ ಅಜ್ಜ

ಇವತ್ತು ಕೇದಾರ ಘಾಟಿನಲ್ಲಿ ದೋಣಿಗೆ ಬಳಿಯುತ್ತಿದ್ದ ಡಾಂಬರಿನ ವಾಸನೆಗೆ ಅಜ್ಜ ನೆನಪಾದರು.

ನೌಕಾಪಡೆಯಿಂದ ನಿವೃತ್ತರಾಗಿ ಕಾಶಿಯ ನಮ್ಮ ಮನೆಗೆ ಬಂದಿದ್ದ ಅವರನ್ನು, ಚಿಕ್ಕವಳಿದ್ದ ನಾನು ಎಲ್ಲರೆದುರು 'ಹಡಗಿನ ಕ್ಯಾಪ್ಟನ್' ಎಂದು ಸುಳ್ಳೇ ಕೊಚ್ಚಿಕೊಂಡಿದ್ದೆ. ಒಂದು ಸಂಜೆ ದೋಣಿ ಹತ್ತುವಾಗ, ನನ್ನ ಮಾತು ನಂಬಿದ್ದ ಅಂಬಿಗರು ಎದ್ದು ನಿಂತು, "ಆಯಿಯೇ, ಕಪ್ತಾನ್ ಸಾಹೇಬ್!" ಎಂದು ಕೈಮುಗಿದರು. ನಾನು ಅಜ್ಜನ ಬೆನ್ನ ಹಿಂದೆ ಸರಿದೆ.

ಅಜ್ಜ ನಕ್ಕರು. "ಕಪ್ತಾನ್ ನಹೀ ಭೈಯಾ, ಜಹಾಜ್ ಕಾ ರಸೋಯಿಯಾ ಥಾ."

ಆಮೇಲೆ ನನ್ನ ತಲೆ ಸವರಿದರು. "ಅಡುಗೆಯವನು ಪುಟ್ಟಿ, ನಾನು. ಕ್ಯಾಪ್ಟನ್ನಿಂದ ಹಿಡಿದು ಲಂಗರು ಎಳೆಯೋರವರೆಗೂ ಎಲ್ಲರೂ ನನ್ನ ಕೈಯೂಟ ಉಂಡೋರೇ. ಬಿರುಗಾಳೀಲೂ ಯಾರನ್ನೂ ಹಸಿದಿರೋಕೆ ಬಿಡಲಿಲ್ಲ."

ನಾನು ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ. ಮರುದಿನ ಗೆಳತಿಯರಿಗೆ ನಿಜ ಹೇಳಿದೆ. ಕೆಲವರು ನಕ್ಕರು, ನಾನು ತಲೆ ತಗ್ಗಿಸಲಿಲ್ಲ.

ಅಜ್ಜ ಈಗಿಲ್ಲ. ಜೊತೆಗೆ ಬಂದಿದ್ದ ಮಗಳು ನನ್ನ ಕಣ್ಣೀರು ಕಂಡು ಕೈ ಜಗ್ಗಿ, "ಮಮ್ಮೀ, ರೋ ಕ್ಯೋಂ ರಹೀ ಹೋ?" ಎಂದಳು. ಮೆಟ್ಟಿಲ ಮೇಲೆ ಕೂರಿಸಿಕೊಂಡು ಅವಳಿಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ.