ಎಂಜಿನ್ನಿನೊಳಗೆ ತುಂಡಾದ ಸ್ಟಡ್

ಸಾಲಿಗ್ರಾಮದ ಹೆದ್ದಾರಿ ಬದಿಯ ಆ ಮೆಕ್ಯಾನಿಕ್ ಯಾವ ಗಾಡಿ ಬಂದರೂ ಮೊದಲು ಕೈ ಒರೆಸಿಕೊಂಡು, "ಕಾಂಬ, ಗಡಿಬಿಡಿ ಬ್ಯಾಡ" ಎನ್ನುತ್ತಿದ್ದರು. ಕಾಂಬ ಎಂದರೆ ನೋಡೋಣ.

ನಾನು ಬೈಕಿನಲ್ಲಿ ಮೀನು ಮಾರುವವನು. ಸೈಲೆನ್ಸರನ್ನು ಎಂಜಿನ್ನಿಗೆ ಬಿಗಿದಿಡುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಉಪ್ಪುಗಾಳಿಗೆ ತುಕ್ಕು ಹಿಡಿದು ತುಂಡಾಗಿ ಅರ್ಧ ಒಳಗೇ ಉಳಿದಿತ್ತು. ಬೇರೆ ಗ್ಯಾರೇಜಿನವರು ಎಂಜಿನ್ನಿನ ಹೆಡ್ಡೇ ಬದಲಿಸಬೇಕು, ವಾರ ಹಿಡಿಯುತ್ತದೆ ಎಂದಿದ್ದರು. ಅಷ್ಟು ದಿನ ವ್ಯಾಪಾರ ನಿಂತರೆ ಮನೆ ನಡೆಯುವಂತಿರಲಿಲ್ಲ.

ಈ ಮೆಕ್ಯಾನಿಕ್ ಮುರಿದ ತುದಿಗೆ ಒಂದು ನಟ್ಟು ವೆಲ್ಡ್ ಮಾಡಿ, ಆರಲು ಬಿಟ್ಟು, ಎಣ್ಣೆ ಹಾಕಿ ಸ್ಪ್ಯಾನರ್ ಹಿಡಿದರು. ಸ್ಟಡ್ ಕಿರ್ ಎಂದು ಚೂರು ತಿರುಗಿತು. ಅವರು ಅದನ್ನು ಮತ್ತೆ ಒಳಕ್ಕೇ ತಿರುಗಿಸಿದರು.

"ಬತ್ತಾ ಇತ್ತಲ್ದಾ, ಮತ್ತೆಂತಕ್ಕೆ ಒಳಗ್ ತಿರ್ಸುದ್?" ಎಂದೆ.

"ಒಂದೇ ಸಲ ತಿರ್ಸಿರೆ ಒಳಗೇ ತುಂಡಾತ್ತ್. ಕಾಂಬ, ಗಡಿಬಿಡಿ ಬ್ಯಾಡ."

ಹಾಗೆ ಹಿಂದೆ ಮುಂದೆ ತಿರುಗಿಸುತ್ತ ಹೋದಂತೆ ಸ್ಟಡ್ ಇಡಿಯಾಗಿ ಅವರ ಅಂಗೈಗೆ ಬಂತು. ಹೊಸ ಸ್ಟಡ್ಡಿಗೆ ಬಿಸಿ ತಾಳುವ ಗ್ರೀಸ್ ಸವರಿ ಕೂರಿಸಿದರು.

"ವರ್ಷಕ್ಕೊಂದ್ ಸಲ ಬಿಚ್ಚಿ ಗ್ರೀಸ್ ಹಾಕಿ. ಮತ್ತೆ ತುಂಡಾತಿಲ್ಲ."

ಕಿಕ್ ಹೊಡೆದೆ. ಎಂಜಿನ್ ಮೆಲ್ಲಗೆ, ಒಂದೇ ಸಮನೆ ಓಡತೊಡಗಿತು. ನನಗೆ ಹೋದ ಜೀವ ಬಂದಂತಾಯಿತು. ತಿರುಗಿ ನೋಡಿದರೆ ಅವರು ಹಳೆ ಟೈರಿನ ಮೇಲೆ ಕುಸಿದು ಕೂತಿದ್ದರು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು.

"ನಂಗೂ ಹೆದ್ರಿಕಿ ಇದ್ದಿತ್ ಮಾರಾಯ್ರೆ" ಎಂದು ನಕ್ಕರು.