ಹರಳೆಣ್ಣೆಯ ಹೊಗೆ, ಹದಿನೈದು ಹೀಟ್

ಅಪ್ಪ ಪರದೇಶಕ್ಕೆ, ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಮೂರು ವಾರವಾಗಿರಲಿಲ್ಲ, ಆಗಲೇ ವರಾತ ಶುರುವಾಯಿತು. "ಟಿಕೆಟ್ ಪ್ರೀಪೋನ್ ಮಾಡ್ಸಮ್ಮ, ನಾನು ಹೊರಡ್ತೀನಿ. ಈ ಊರಲ್ಲಿ ಮಾತಾಡೋಕೆ ಒಂದು ನರಪಿಳ್ಳೆ ಸಿಗಲ್ಲ."

ಸಿಕ್ಕಿದ್ದರೆ ಮಾತಾಡಿಬಿಡುತ್ತಿದ್ದರೇ ಎಂದು ನನಗೆ ಮೈ ಉರಿಯಿತು. ಮೈಸೂರಿನ ಮೋಟಾರ್‌ಸೈಕಲ್ ಕಾರ್ಖಾನೆಗೆ ಬೀಗ ಬಿದ್ದಾಗಿನಿಂದ ಅಪ್ಪನ ಬಾಯಿಗೂ ಬೀಗ ಬಿದ್ದಿತ್ತು. ಅಲ್ಲಿ ಅವರ ಕೆಲಸ ಕಿವಿಯದು. ಜೋಡಿಸಿ ಮುಗಿದ ಎಂಜಿನ್ನು ಸ್ಟಾರ್ಟ್ ಮಾಡಿ ಸದ್ದು ಕೇಳಬೇಕು, ಸರಿಯಿದ್ದರೆ ಚೀಟಿಯ ಮೇಲೆ 'ಪಾಸ್' ಎಂದು ಬರೆದು ಸಹಿ ಹಾಕಬೇಕು. ಒಂದಿಷ್ಟು ಗೊರಗೊರ ಎಂದರೂ ವಾಪಸ್. ಮ್ಯಾನೇಜರ್ ಬಂದು ಕೈಮುಗಿದರೂ ಅಪ್ಪ ಸಹಿ ಹಾಕುತ್ತಿರಲಿಲ್ಲವಂತೆ. ಕಾರ್ಖಾನೆ ಮುಚ್ಚಿದ ಮೇಲೆ ಅವರು ಬೈಕಿನ ಸುದ್ದಿಯನ್ನೇ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಅಮ್ಮ ತಂಗಿಯ ಬಾಣಂತನಕ್ಕೆಂದು ಊರಲ್ಲೇ ಉಳಿದಿದ್ದರಿಂದ ಅಪ್ಪ ಒಬ್ಬರೇ ಬಂದಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಂಡ ಆಫೀಸಿಗೆ ಹೋದರೆ ನಾವಿಬ್ಬರೇ ಎದುರುಬದುರು, ನಡುವೆ ಕಾಫಿ ಲೋಟ. ನನಗಿದ್ದದ್ದು ಒಂದೇ ಆಸೆ. ಅಪ್ಪ ಆರು ತಿಂಗಳು ಪೂರ್ತಿ ಇರಬೇಕು, ನನ್ನ ಚಿಕ್ಕಂದಿನ ವಾಚಾಳಿ ಅಪ್ಪ ಅಷ್ಟರೊಳಗೆ ಒಂದು ದಿನವಾದರೂ ನನಗೆ ವಾಪಸ್ ಸಿಗಬೇಕು.

ನೆರವಾದದ್ದು ಕೆಳಗಿನ ಮನೆಯ ಇಂಗ್ಲೆಂಡಿನ ಮುದುಕರು. ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು. ಶ್ವಾಸಕೋಶ ಕೆಟ್ಟು, ಇನ್ನು ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನ ಅವರ ಬಾಗಿಲು ತೆರೆದಿತ್ತು, ಒಳಗಿಂದ ಬೈಕುಗಳ ಸದ್ದು. ನನ್ನ ಜೊತೆ ಮೆಟ್ಟಿಲಿಳಿಯುತ್ತಿದ್ದ ಅಪ್ಪ ನಿಂತುಬಿಟ್ಟರು. ಟೀವಿಯಲ್ಲಿ ಹಳೇ ಟೇಪು ಓಡುತ್ತಿತ್ತು. ಮಣ್ಣಿನ ಅಂಡಾಕಾರದ ಹಾದಿ, ನಾಲ್ಕು ಬೈಕು, ನಾಲ್ಕು ಸುತ್ತು. ಬೈಕಿಗೆ ಬ್ರೇಕೇ ಇಲ್ಲ, ತಿರುಗುವುದೆಲ್ಲ ಎಡಕ್ಕೇ. ಇದು ಸ್ಪೀಡ್‌ವೇ, ನಮ್ಮ ದೇಶದಲ್ಲಿ ಲೀಗ್ ಇದೆ, ನಮ್ಮೂರ ತಂಡ ಅತಿ ಮೇಲಿನ ಡಿವಿಜನ್ನಿನಲ್ಲಿದೆ ಎಂದು ಮುದುಕರು ಎದೆಯುಬ್ಬಿಸಿ ವಿವರಿಸಿದರು.

ಅಪ್ಪ ಟೀವಿ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು, "ಫೋರ್ ಸ್ಟ್ರೋಕ್ ಎಂಜಿನ್ನು. ನಮ್ ಕಾರ್ಖಾನೇದು ಟೂ ಸ್ಟ್ರೋಕು" ಎಂದು ನನಗೆ ಹೇಳಿದರು. ಆಮೇಲೆ ತಮ್ಮ ಕಾರ್ಖಾನೆ ಇಂಗ್ಲಿಷಿನಲ್ಲಿ ಮುದುಕರಿಗೆ, "ಸರ್, ಒನ್ ಎಂಜಿನ್ ಮಿಸ್ಸಿಂಗ್. ವಿಲ್ ಸ್ಟಾಪ್" ಎಂದರು. ಮೂರನೇ ಸುತ್ತಿನಲ್ಲಿ ಹಳದಿ ಹೆಲ್ಮೆಟ್ಟಿನವನ ಬೈಕು ನಿಂತೇ ಹೋಯಿತು. ಆ ಟೇಪನ್ನು ನೂರು ಸಲ ನೋಡಿದ್ದ ಮುದುಕರು ಎದ್ದು ಬಂದು ಅಪ್ಪನ ಕೈ ಹಿಡಿದು ಕುಲುಕಿದರು.

ಅಂದಿನಿಂದ ಮುದುಕರು ಅಪ್ಪನಿಗೆ 'ದೊರೆಗಳು', ಅಪ್ಪ ಮುದುಕರಿಗೆ 'ಇನ್ಸ್‌ಪೆಕ್ಟರ್'. ಪ್ರೀಪೋನಿನ ಮಾತು ನಿಂತಿತು. "ದೊರೆಗಳ ಟೀಮು ಫೈನಲ್ ಮುಗಿಸ್ಲಿ, ಆಮೇಲೆ ನೋಡೋಣ" ಎಂದರು. ಫೈನಲ್ ಇದ್ದದ್ದು ಅಕ್ಟೋಬರಿನಲ್ಲಿ. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಒಂದು ತೆಂಗಿನಕಾಯಿ ಹರಸಿಕೊಂಡೆ. ತಂಡವಂತೂ ಫೈನಲ್ ತಲುಪಲೇಬೇಕಲ್ಲ.

ಇಂಗ್ಲೆಂಡಿನಲ್ಲಿ ಸಂಜೆ ರೇಸ್ ಶುರುವಾದರೆ ನಮಗೆ ಬೆಳಿಗ್ಗೆ ಹನ್ನೊಂದೂವರೆ. ನಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮುದುಕರು ಮೆಲ್ಲಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು, ಏಕೆಂದರೆ ಅವರೂರಿನ ರೇಡಿಯೋದವರ ಕಾಮೆಂಟರಿ ಕೇಳಲು ಬೇಕಾದ ಇಂಟರ್ನೆಟ್ಟು ಇದ್ದದ್ದು ನಮ್ಮ ಮನೆಯಲ್ಲಿ. ಒಂದು ರೇಸಿಗೆ ಹೀಟ್ ಎನ್ನುತ್ತಾರೆ. ಒಂದು ಪಂದ್ಯಕ್ಕೆ ಹದಿನೈದು ಹೀಟ್, ಪ್ರತಿ ಹೀಟಿನಲ್ಲಿ ಒಂದೊಂದು ತಂಡಕ್ಕೆ ಇಬ್ಬರು, ಗೆದ್ದವನಿಗೆ ಮೂರು ಪಾಯಿಂಟು, ಮುಂದಿನವರಿಗೆ ಎರಡು, ಒಂದು, ಕೊನೆಯವನಿಗೆ ಸೊನ್ನೆ. ಅಲ್ಲಿನ ಜನ ಮೈದಾನದಲ್ಲಿ ಕೂತು ಪ್ರತಿ ಹೀಟನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರಂತೆ, ಬರೆಯದವನು ರೇಸ್ ನೋಡಿದ ಲೆಕ್ಕವೇ ಅಲ್ಲವಂತೆ. ಇದು ಅಪ್ಪನಿಗೆ ಬಹಳ ಹಿಡಿಸಿತು. ಅಳಿಯ ಆಫೀಸಿನಿಂದ ತಂದ ಒಂದು ಮಗ್ಗುಲಿನ ಕಾಗದಗಳ ಹಿಂಬದಿಗೆ ಸ್ಕೇಲಿಟ್ಟು ಹದಿನೈದು ಗೆರೆ ಎಳೆದರು. ಬೇಸಿಗೆಯಿಡೀ ಹೀಗೇ ನಡೆಯಿತು. ನಡುನಡುವೆ ಅಪ್ಪ ಕಾರ್ಖಾನೆಯ ಕತೆ ತೆಗೆಯುತ್ತಿದ್ದರು, ಅರ್ಧ ಕನ್ನಡ, ಅರ್ಧ ಕೈಸನ್ನೆ. ನಾನು ಒಲೆಯ ಮುಂದೆ ಬೆನ್ನು ಮಾಡಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಅಡುಗೆ ಮಾಡಿದ್ದಿಲ್ಲ.

ಮುದುಕರಿಗೆ ಒಂದೇ ಕೊರಗು, ವಾಸನೆಯದು. ಆ ಬೈಕುಗಳಿಗೆ ಎಂಜಿನ್ ಆಯಿಲ್ ಎಂದು ಹಾಕುವುದು ಹರಳೆಣ್ಣೆಯಂತೆ. ಅದು ಸುಟ್ಟ ವಾಸನೆ ಮೂಗಿಗೆ ಬಿದ್ದರೆ ಹನ್ನೆರಡು ವರ್ಷದ ಹುಡುಗನಾಗುತ್ತೇನೆ ಎನ್ನುತ್ತಿದ್ದರು. ನಾನು ತಲೆಗೆ ಹಚ್ಚಿಕೊಳ್ಳುವ ಹರಳೆಣ್ಣೆ ಬಾಟಲಿ ತಂದುಕೊಟ್ಟೆ. ಮೂಸಿ ನೋಡಿ ತಲೆಯಾಡಿಸಿದರು. ಹಸಿಯದಲ್ಲ, ಸುಡಬೇಕು.

ಚಾಮುಂಡಿ ಕೈಬಿಡಲಿಲ್ಲ, ತಂಡ ಫೈನಲ್ ತಲುಪಿತು. ಅಪ್ಪನ ವಿಮಾನ ಅದರ ಮರುದಿನವೇ. ಹನ್ನೆರಡು ಹೀಟ್ ಮುಗಿದಾಗ ನಮ್ಮವರು ನಾಲ್ಕು ಪಾಯಿಂಟು ಹಿಂದಿದ್ದರು. ಮುದುಕರ ಮುಖ ಬಾಡಿತ್ತು. ಅಪ್ಪ ಎದ್ದು ಬಂದು, "ಒಗ್ಗರಣೆ ಸೌಟು ಕೊಡು" ಎಂದರು. ಸೌಟಿನ ತುಂಬ ಹರಳೆಣ್ಣೆ ಸುರಿದು ಒಲೆಯ ಮೇಲಿಟ್ಟರು. ಹೊಗೆ ಎದ್ದಿತು. ಅಪ್ಪ ಸೌಟನ್ನು ಆರತಿಯ ಹಾಗೆ ಮುದುಕರ ಮುಂದೆ ಹಿಡಿದರು, ಅವರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ತಲೆಯ ಮೇಲಿನ ಅಲಾರಂ ಕಿರುಚಿಕೊಂಡಿತು.

ತಪ್ಪು ನನ್ನದು. ಹೊಗೆಯಾದರೆ ಬಾಗಿಲು ತೆಗೆಯುವುದು ನಮ್ಮ ಮೈಸೂರಿನ ಬುದ್ಧಿ. ಕಿಟಕಿ ಬಿಟ್ಟು ಮುಂಬಾಗಿಲನ್ನೇ ಹಾರುಹೊಡೆದೆ, ಹೊಗೆ ಕಾರಿಡಾರಿಗೆ ನುಗ್ಗಿತು, ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡಿತು. ಎಲ್ಲರೂ ಪಾರ್ಕಿಂಗ್ ಜಾಗಕ್ಕೆ ಇಳಿದರು, ಕೆಂಪು ಗಾಡಿ ಬಂತು. "ಏನ್ ಸುಟ್ರಿ?" ಎಂದು ಪಕ್ಕದ ಮನೆಯ ತೆಲುಗು ಹುಡುಗಿ ಕೇಳಿದರೆ ನಾನೇನು ಹೇಳಲಿ? ನಾಚಿಕೆಯಿಂದ ಸತ್ತೆ. ಮುದುಕರು ಮಾತ್ರ ನಮ್ಮ ಕಂಬಳಿ ಹೊದ್ದು ನಿಂತು, ತೋಳು ಮೂಸಿಕೊಳ್ಳುತ್ತ, ನಗುತ್ತ, ಅಳುತ್ತಿದ್ದರು. ಒಳಗೆ ಬಿಡುವಷ್ಟರಲ್ಲಿ ಪಂದ್ಯ ಮುಗಿದುಹೋಗಿತ್ತು. ಫಲಿತಾಂಶ ನೋಡಲೇ ಎಂದೆ. ಇವತ್ತಿನ ದಿನ ಇಷ್ಟಕ್ಕೇ ಇರಲಿ, ನಾಳೆ ನೋಡಿಕೊಳ್ಳುತ್ತೇನೆ ಎಂದು ಮುದುಕರು ಕೆಳಗೆ ಹೋದರು. ಕಾಗದದ ಮೇಲೆ ಕೊನೆಯ ಮೂರು ಗೆರೆ ಖಾಲಿ ಉಳಿದಿದ್ದವು.

ಮರುದಿನ ಏರ್‌ಪೋರ್ಟಿಗೆ ಹೋಗುವಾಗ, ದಾರಿಯಲ್ಲಿ ಟಕ್ವಿಲಾ ಎಂಬ ಊರಿನ ಹತ್ತಿರ ಅಪ್ಪ, "ಸೋತ್ರಂತೆ ಕಣಮ್ಮ, ಎರಡು ಪಾಯಿಂಟಲ್ಲಿ. ಅಳಿಯಂದಿರು ನಿನ್ನೆ ಸಂಜೇನೇ ನೋಡಿ ಹೇಳಿದ್ರು" ಎಂದರು. ಸೆಕ್ಯೂರಿಟಿ ಸಾಲಿನ ಬಳಿ ನನ್ನ ತಲೆ ನೇವರಿಸಿ, "ಚೆನ್ನಾಗಿತ್ತು ಈ ಸೀಸನ್ನು" ಎಂದು ಹೊರಟರು.

ಮನೆಗೆ ಬಂದರೆ ಮುದುಕರು ತಮ್ಮ ಬಾಗಿಲಲ್ಲೇ ಕಾಯುತ್ತಿದ್ದರು, ಕೈಯಲ್ಲಿ ಅದೇ ಕಾಗದ. ಬೆಳಿಗ್ಗೆ ಅಪ್ಪ ಅದನ್ನು ಅವರ ಬಾಗಿಲ ಸಂದಿಯಲ್ಲಿ ತೂರಿಸಿ ಬಂದಿದ್ದರು. ಖಾಲಿಯಿದ್ದ ಮೂರು ಗೆರೆಗಳೂ ತುಂಬಿದ್ದವು. ಮೂರು ಹೀಟಿನಲ್ಲೂ ನಮ್ಮ ಇಬ್ಬರೇ ಮೊದಲು, ಎರಡನೆಯವರು. ಟೋಟಲಿನಲ್ಲಿ ನಮ್ಮ ಗೆಲುವು. ಕೆಳಗೆ ಕನ್ನಡದಲ್ಲಿ ಒಂದು ಮಾತು, ಒಂದು ಸಹಿ. ಏನು ಬರೆದಿದ್ದಾರೆ ಎಂದು ಮುದುಕರು ಕೇಳಿದರು.

"ಪಾಸ್" ಎಂದೆ.

ಗೊರಗೊರ ಎಂದ ಒಂದು ಎಂಜಿನ್ನಿಗೂ ಸಹಿ ಹಾಕದ ನನ್ನಪ್ಪ. ನನಗೆ ಅಲ್ಲೇ ಮೆಟ್ಟಿಲ ಮೇಲೆ ಅಳು ಬಂತು. ಮುದುಕರು ಬೆಳಿಗ್ಗೆಯೇ ರೇಡಿಯೋದವರ ಪುಟವನ್ನು ಪ್ರಿಂಟ್ ಹಾಕಿಸಿ ತರಿಸಿಕೊಂಡಿದ್ದರು, ಸೋಲು ಅವರಿಗೆ ಗೊತ್ತೇ ಇತ್ತು. ಆ ಪ್ರಿಂಟನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, ಅಪ್ಪನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. "ಇನ್ಸ್‌ಪೆಕ್ಟರ್ ಪಾಸ್ ಮಾಡಿದ ಮೇಲೆ ಮುಗೀತು" ಎಂದರು.